ಹೊಳೆಗೆ ಉಸಿರು ಕಟ್ಟುವುದು ನಸುಕಿನ ಹೊತ್ತಿಗೆ

ಬೇಸಿಗೆ ಕಾಲಿಟ್ಟಿತೆಂದರೆ ಘಟಪ್ರಭಾ, ಕೃಷ್ಣಾ ದಂಡೆಯಿಂದ ಒಂದು ಸುದ್ದಿ ಬಂದೇ ಬರುತ್ತದೆ. ಹೊಳೆಗೆ ಅಡ್ಡ ಕಟ್ಟಿದ ಬಾಂದಾರದ ಹಿಂದೆ ನಿಂತ ನೀರಿನಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿವೆ. ಅದರ ಬೆನ್ನಿಗೇ ಜಗಳ ಶುರು. ಊರವರು ಕಾರ್ಖಾನೆಯ ಕಡೆ ಬೆರಳು ತೋರಿಸುತ್ತಾರೆ. ಕಾರ್ಖಾನೆಯವರು ನಾವು ಹನಿ ನೀರೂ ಬಿಟ್ಟಿಲ್ಲ ಎನ್ನುತ್ತಾರೆ. ಅಧಿಕಾರಿಗಳು ಬಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗುತ್ತಾರೆ. ಅಷ್ಟರಲ್ಲಿ ಮುಂಗಾರು ಬರುತ್ತದೆ, ಹೊಸ ನೀರು ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಮುಂದಿನ ಬೇಸಿಗೆಗೆ ಮತ್ತೆ ಅದೇ ಕತೆ.

ಈ ಜಗಳ ಯಾಕೆ ಬಗೆಹರಿಯುತ್ತಿಲ್ಲ? ನಾವೆಲ್ಲ ನೀರಿನ ಬಣ್ಣ ನೋಡುತ್ತೇವೆ, ವಾಸನೆ ನೋಡುತ್ತೇವೆ. ಮೀನಿಗೆ ಬೇಕಾದದ್ದು ನೀರಿನಲ್ಲಿ ಕರಗಿರುವ ಆಮ್ಲಜನಕ. ಅದರ ಲೆಕ್ಕ ನಮ್ಮಲ್ಲಿ ಬಹಳ ಕಡಿಮೆ. ಇರುವ ಲೆಕ್ಕವನ್ನೂ ತಪ್ಪು ಹೊತ್ತಿನಲ್ಲಿ ತೆಗೆಯುತ್ತೇವೆ ಎಂಬುದು ನನ್ನ ದೂರು. ಅದು ಯಾಕೆ ತಪ್ಪು ಹೊತ್ತು ಎಂದು ತಿಳಿಯಬೇಕಾದರೆ ಆಮ್ಲಜನಕದ ನಡವಳಿಕೆ ಸ್ವಲ್ಪ ಗೊತ್ತಿರಬೇಕು.

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ ಇದೆ. ಒಂದು ಲೀಟರ್ ಗಾಳಿಯಲ್ಲಿ ತೂಕಕ್ಕೆ ಸುಮಾರು 270 ಮಿಲಿಗ್ರಾಂ. ನೀರಿನಲ್ಲಿ ಅಷ್ಟು ಹಿಡಿಸುವುದಿಲ್ಲ. 30 ಡಿಗ್ರಿ ಬಿಸಿ ಇರುವ ಶುದ್ಧ ನೀರು ಗಾಳಿಯಿಂದ ಪೂರ್ತಿ ಹೀರಿಕೊಂಡರೂ ಲೀಟರಿಗೆ ಏಳೂವರೆ ಮಿಲಿಗ್ರಾಂ ಅಷ್ಟೇ. ಅಂದರೆ ಮೀನು ನಮಗಿಂತ ಮೂವತ್ತೈದು ಪಟ್ಟು ಬಡತನದಲ್ಲಿ ಬದುಕುತ್ತದೆ. ನೀರು ಬಿಸಿಯಾದಷ್ಟೂ ಈ ಬಡತನ ಹೆಚ್ಚುತ್ತದೆ. 20 ಡಿಗ್ರಿಯಲ್ಲಿ 9 ಮಿಲಿಗ್ರಾಂ ಹಿಡಿಯುವ ನೀರು 35 ಡಿಗ್ರಿಗೆ ಬಂದರೆ 7ಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿನ ಮೈ ಬೆಚ್ಚಗಾಗಿ ಅದಕ್ಕೆ ಆಮ್ಲಜನಕ ಜಾಸ್ತಿ ಬೇಕಾಗುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲು ಗೊತ್ತೇ ಇದೆಯಲ್ಲ. ಯಾರೂ ಏನೂ ಬಿಡದಿದ್ದರೂ ಹೊಳೆ ಆಗಲೇ ಅರ್ಧ ಬಿಕ್ಕಟ್ಟಿನಲ್ಲಿರುತ್ತದೆ.

ಇಷ್ಟಕ್ಕೂ ಜೀವಿಗಳಿಗೆ ಆಮ್ಲಜನಕ ಯಾಕೆ ಬೇಕು? ಇಲೆಕ್ಟ್ರಾನ್‌ಗಳನ್ನು ಎಳೆದುಕೊಳ್ಳುವುದರಲ್ಲಿ ಅದಕ್ಕೆ ಬಹಳ ಬಲ. ಕಟ್ಟಿಗೆ ಉರಿಯುವುದು, ಕಬ್ಬಿಣ ತುಕ್ಕು ಹಿಡಿಯುವುದು, ನಾವು ಉಂಡ ರೊಟ್ಟಿ ಶಕ್ತಿಯಾಗುವುದು, ಈ ಮೂರರಲ್ಲೂ ಆಗುವುದು ಅದೇ. ಇದನ್ನು ಮೊದಲು ಅಳೆದು ತೋರಿಸಿದವರು ಫ್ರಾನ್ಸಿನ ಲವಾಸಿಯೆ ಮತ್ತು ಲಾಪ್ಲಾಸ್. 1782-83ರ ಚಳಿಗಾಲದಲ್ಲಿ ಅವರು ಒಂದು ಗಿನಿಪಿಗ್ ಅನ್ನು ಸುತ್ತಲೂ ಮಂಜುಗಡ್ಡೆ ತುಂಬಿದ ಪಾತ್ರೆಯಲ್ಲಿ ಇಟ್ಟರು. ಅದರ ಮೈಶಾಖಕ್ಕೆ ಎಷ್ಟು ಮಂಜು ಕರಗಿತು ಎಂದು ತೂಗಿದರು. ಇದ್ದಿಲು ಉರಿದಾಗ ಕರಗುವ ಮಂಜಿನ ಜೊತೆ ಹೋಲಿಸಿದರು. ಉಸಿರಾಟವೂ ನಿಧಾನವಾಗಿ ನಡೆಯುವ ಒಂದು ದಹನ ಎಂಬ ತೀರ್ಮಾನಕ್ಕೆ ಬಂದರು.

ನಮ್ಮ ಜೀವಕೋಶದೊಳಗೆ ಮೈಟೋಕಾಂಡ್ರಿಯಾ ಎಂಬ ಪುಟ್ಟ ಅಂಗಗಳಿವೆ. ಆಹಾರದಿಂದ ಕಿತ್ತ ಇಲೆಕ್ಟ್ರಾನ್‌ಗಳು ಅಲ್ಲಿ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ಸಾಗುತ್ತಾ ಕೊನೆಗೆ ಸೈಟೋಕ್ರೋಮ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ಬರುತ್ತವೆ. ಆಮ್ಲಜನಕ ಅವನ್ನು ತೆಗೆದುಕೊಂಡು ನೀರಾಗುತ್ತದೆ. ಅದು ತೆಗೆದುಕೊಳ್ಳದಿದ್ದರೆ ಹಿಂದಿನ ಸಾಲೆಲ್ಲ ನಿಂತುಬಿಡುತ್ತದೆ. ಒಂದು ಗ್ಲೂಕೋಸ್ ಅಣುವಿನಿಂದ ಆಮ್ಲಜನಕ ಇದ್ದಾಗ ಸುಮಾರು 30 ಎಟಿಪಿ ಸಿಗುತ್ತವೆ. ಇಲ್ಲದಿದ್ದರೆ ಬರೀ ಎರಡು. ಎಟಿಪಿ ಅಂದರೆ ಜೀವಕೋಶ ಖರ್ಚು ಮಾಡುವ ಶಕ್ತಿಯ ನಾಣ್ಯ. ಎರಡರಲ್ಲಿ ಬ್ಯಾಕ್ಟೀರಿಯಾ ಸಂಸಾರ ನಡೆಸಬಹುದು, ಮೀನಿಗೆ ಆಗುವುದಿಲ್ಲ.

ಈಗ ಸಕ್ಕರೆಗೆ ಬರೋಣ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಂದರೆ ಕಬ್ಬಿನ ನಾಡು. ಮುಧೋಳ, ಜಮಖಂಡಿ, ಅಥಣಿ, ರಾಯಬಾಗ, ಗೋಕಾಕ ಎಲ್ಲಿಗೆ ಹೋದರೂ ನುರಿಸುವ ಹಂಗಾಮಿನಲ್ಲಿ ರಸ್ತೆ ತುಂಬಾ ಕಬ್ಬಿನ ಟ್ರ್ಯಾಕ್ಟರುಗಳು. ಸಕ್ಕರೆ ವಿಷವಲ್ಲ. ಹೊಳೆಗೆ ಬಿದ್ದರೆ ಬಣ್ಣ ಬರುವುದಿಲ್ಲ, ವಾಸನೆಯೂ ಬರುವುದಿಲ್ಲ. ಆದರೆ ನೀರಿನ ಬ್ಯಾಕ್ಟೀರಿಯಾಗಳಿಗೆ ಅದು ಹಬ್ಬದೂಟ. ಅವು ತಿನ್ನುತ್ತವೆ, ಹೆಚ್ಚುತ್ತವೆ, ಉಸಿರಾಡುತ್ತವೆ. ಶಾಲೆಯ ರಸಾಯನಶಾಸ್ತ್ರದ ಲೆಕ್ಕ ಸಾಕು. 342 ಗ್ರಾಂ ಸಕ್ಕರೆಯನ್ನು ಬ್ಯಾಕ್ಟೀರಿಯಾ ಪೂರ್ತಿ ತಿಂದು ಮುಗಿಸಲು 384 ಗ್ರಾಂ ಆಮ್ಲಜನಕ ಬೇಕು. ಹಾಗಾದರೆ ಒಂದು ಕಿಲೋ ಸಕ್ಕರೆಗೆ 1,120 ಗ್ರಾಂ. ಲೀಟರಿಗೆ ಏಳೂವರೆ ಮಿಲಿಗ್ರಾಂ ಇರುವ ಹೊಳೆಯ ನೀರಿನಿಂದ ಅಷ್ಟು ಬರಬೇಕೆಂದರೆ ಸುಮಾರು ಒಂದೂವರೆ ಲಕ್ಷ ಲೀಟರ್ ನೀರಿನ ಅಷ್ಟೂ ಆಮ್ಲಜನಕ ಖಾಲಿಯಾಗಬೇಕು. ಟ್ರ್ಯಾಕ್ಟರ್ ಎಳೆಯುವ 5 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಮೂವತ್ತು ಟ್ಯಾಂಕರ್. ಅದೂ ಒಂದೇ ಒಂದು ಕಿಲೋಗೆ!

ನಿಜ, ಇದೆಲ್ಲ ಒಂದೇ ಗಳಿಗೆಯಲ್ಲಿ ಆಗುವುದಿಲ್ಲ. ಮೇಲಿನಿಂದ ಗಾಳಿ ಹೊಸ ಆಮ್ಲಜನಕ ಕೊಡುತ್ತಲೇ ಇರುತ್ತದೆ. ಹೊಳೆ ಉಳಿಯುವುದೂ ಅಳಿಯುವುದೂ ಈ ಕೊಡುವ ವೇಗ ಮತ್ತು ತಿನ್ನುವ ವೇಗದ ನಡುವಿನ ಅಂತರದ ಮೇಲೆ. ಕೊಳೆಯುವ ವಸ್ತು ಎಷ್ಟು ಆಮ್ಲಜನಕ ಕೇಳುತ್ತದೆ ಎಂಬ ಅಳತೆಗೆ ಬಿಒಡಿ ಎನ್ನುತ್ತಾರೆ. ಪತ್ರಿಕೆಗಳಲ್ಲಿ ಈ ಮೂರು ಅಕ್ಷರ ನೀವು ಓದಿರುತ್ತೀರಿ. ನಮ್ಮ ದೇಶದಲ್ಲಿ ನೀರನ್ನು 27 ಡಿಗ್ರಿಯಲ್ಲಿ ಮೂರು ದಿನ ಮುಚ್ಚಿಟ್ಟು ಎಷ್ಟು ಆಮ್ಲಜನಕ ಕಡಿಮೆಯಾಯಿತು ಎಂದು ನೋಡುತ್ತಾರೆ. ನದಿಗೆ ಬಿಡುವ ಸಂಸ್ಕರಿಸಿದ ನೀರಿನಲ್ಲಿ ಅದು ಲೀಟರಿಗೆ 30 ಮಿಲಿಗ್ರಾಂ ದಾಟಬಾರದು ಎಂಬ ನಿಯಮ ಇದೆ.

ಇದೇ ಕಾಲಕ್ಕೆ ಎಥೆನಾಲ್ ಬಂದಿದೆ. ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ನಮ್ಮ ಭಾಗದ ಹಲವು ಸಕ್ಕರೆ ಕಾರ್ಖಾನೆಗಳ ಪಕ್ಕದಲ್ಲಿ ಡಿಸ್ಟಿಲರಿಗಳಿವೆ. ಇದರಿಂದ ಕಬ್ಬಿನ ಬಿಲ್ಲು ಬೇಗ ಬರಲು ಅನುಕೂಲ ಎಂಬ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಬಿಲ್ಲಿಗಾಗಿ ಕಾದು ಕುಳಿತ ರೈತರ ಕಷ್ಟ ಇಲ್ಲಿ ಯಾರಿಗೂ ಹೊಸದಲ್ಲ. ಆದರೆ ಎಥೆನಾಲ್ ಹೇಗೆ ಆಗುತ್ತದೆ ಎಂದು ಒಮ್ಮೆ ನೋಡಬೇಕು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಗೆ ಯೀಸ್ಟ್ ಹಾಕಿ ಆಮ್ಲಜನಕ ಸಿಗದಂತೆ ಇಡುತ್ತಾರೆ. ಉಸಿರು ಸಿಗದ ಯೀಸ್ಟ್ ಆ ಎರಡು ಎಟಿಪಿಯಲ್ಲೇ ದಿನ ದೂಡುತ್ತಾ, ಸಕ್ಕರೆಯನ್ನು ಅರ್ಧಕ್ಕೇ ಒಡೆದು ಆಲ್ಕೋಹಾಲ್ ಮಾಡಿ ಹೊರಹಾಕುತ್ತದೆ. ಆಲ್ಕೋಹಾಲ್ ಬಟ್ಟಿ ಇಳಿಸಿ ತೆಗೆದ ಮೇಲೆ ಉಳಿಯುವ ಕಡು ಕಂದು ದ್ರವವೇ ಸ್ಪೆಂಟ್ ವಾಶ್.

ಕಾಕಂಬಿಯಿಂದ ಒಂದು ಲೀಟರ್ ಎಥೆನಾಲ್ ತೆಗೆದರೆ ಸಾಮಾನ್ಯವಾಗಿ 8ರಿಂದ 15 ಲೀಟರ್ ಸ್ಪೆಂಟ್ ವಾಶ್ ಉಳಿಯುತ್ತದೆ. ಅದರ ಬಿಒಡಿ ಲೀಟರಿಗೆ 40ರಿಂದ 60 ಸಾವಿರ ಮಿಲಿಗ್ರಾಂ. 30 ಎಲ್ಲಿ, 50 ಸಾವಿರ ಎಲ್ಲಿ! ಒಂದು ಲೀಟರ್ ಸ್ಪೆಂಟ್ ವಾಶ್ ಆರೂವರೆ ಸಾವಿರ ಲೀಟರ್ ಹೊಳೆ ನೀರಿನ ಆಮ್ಲಜನಕವನ್ನು ಕೇಳುತ್ತದೆ. ಇದನ್ನು ತಿಳಿದೇ ಕಾಕಂಬಿ ಡಿಸ್ಟಿಲರಿಗಳು ಒಂದು ಹನಿಯನ್ನೂ ಹೊರಗೆ ಬಿಡಬಾರದು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳಿದೆ. ಸ್ಪೆಂಟ್ ವಾಶ್‌ನಿಂದ ಬಯೋಗ್ಯಾಸ್ ತೆಗೆಯಬಹುದು, ಕಬ್ಬಿನ ಹಾಲು ಸೋಸಿದಾಗ ಉಳಿಯುವ ಪ್ರೆಸ್‌ಮಡ್ ಜೊತೆ ಗೊಬ್ಬರ ಮಾಡಬಹುದು, ಗಟ್ಟಿ ಮಾಡಿ ಬಾಯ್ಲರಿನಲ್ಲಿ ಸುಡಬಹುದು. ಆ ಬೂದಿಯಲ್ಲಿ ಪೊಟ್ಯಾಷ್ ಧಾರಾಳವಾಗಿ ಇರುತ್ತದೆ. ದಾರಿಗಳಿವೆ. ಆದರೆ ಇಲ್ಲಿ ಅರೆಬರೆ ಕೆಲಸಕ್ಕೆ ಜಾಗವೇ ಇಲ್ಲ. ಬಯೋಗ್ಯಾಸ್ ಘಟಕ ನೂರಕ್ಕೆ 90ರಷ್ಟು ಬಿಒಡಿ ಇಳಿಸಿತು ಎಂದುಕೊಳ್ಳಿ. ಕೇಳಲು ಚೆಂದ. ಉಳಿದದ್ದು ಇನ್ನೂ 5 ಸಾವಿರ! ಒಂದು ಹೊಂಡದ ಒಡ್ಡು ಒಡೆದರೆ, ಒಂದು ಟ್ಯಾಂಕರ್ ರಾತ್ರಿ ಹಳ್ಳಕ್ಕೆ ತಿರುಗಿದರೆ, ಬೇಸಿಗೆಯ ಹೊಳೆಗೆ ಅಷ್ಟೇ ಸಾಕು.

ಬಣ್ಣ ನೋಡಿ ತೀರ್ಮಾನ ಮಾಡುವುದು ಇಲ್ಲೂ ಕೈಕೊಡುತ್ತದೆ. ಸ್ಪೆಂಟ್ ವಾಶ್‌ನ ಕಂದು ಬಣ್ಣ ಬಹಳ ಹಟಮಾರಿ. ಬಿಒಡಿ ಇಳಿದ ಮೇಲೂ ಬಣ್ಣ ಹಾಗೇ ಇರಬಹುದು. ತಿಳಿಯಾಗಿ ಕಾಣುವ ಸಕ್ಕರೆ ನೀರು ಅದಕ್ಕಿಂತ ಹೆಚ್ಚು ಹಾನಿ ಮಾಡಬಹುದು.

ಎಲ್ಲ ಪಾಪವನ್ನೂ ಕಾರ್ಖಾನೆಗಳ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ. ಊರಿನ ಕೊಳಚೆಯ ಬಿಒಡಿ ಲೀಟರಿಗೆ 200-300 ಮಿಲಿಗ್ರಾಂ ಇರುತ್ತದೆ. ಸ್ಪೆಂಟ್ ವಾಶ್ ಮುಂದೆ ಅದು ಸಣ್ಣದು ನಿಜ. ಆದರೆ ಅದಕ್ಕೆ ಹಂಗಾಮು ಎಂಬುದಿಲ್ಲ, 365 ದಿನವೂ ಹರಿಯುತ್ತದೆ. ಬೆಳಗಾವಿಯ ಬಳ್ಳಾರಿ ನಾಲಾ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಕೃಷ್ಣೆಯಂತೂ ನಮ್ಮ ಗಡಿ ಮುಟ್ಟುವ ಮುಂಚೆಯೇ ಕೊಲ್ಹಾಪುರ, ಇಚಲಕರಂಜಿ ಕಡೆಯ ಪಂಚಗಂಗೆಯನ್ನು ನರಸೋಬಾವಾಡಿಯಲ್ಲಿ ಸೇರಿಸಿಕೊಂಡು ಬರುತ್ತಾಳೆ. ಅಲ್ಲಿಯೂ ಇದೇ ಕಬ್ಬು, ಇದೇ ಕಾರ್ಖಾನೆ, ಇದೇ ಸತ್ತ ಮೀನಿನ ಸುದ್ದಿ.

ಮೂರನೆಯ ಕಾರಣದ ಬಗ್ಗೆ ಮಾತು ಕಡಿಮೆ. ಹಸಿರು ನೀರು. ಕಬ್ಬಿಗೆ ಹಾಕಿದ ಯೂರಿಯಾ, ಡಿಎಪಿ ಎಲ್ಲವನ್ನೂ ಬೆಳೆ ತಿನ್ನುವುದಿಲ್ಲ. ಉಳಿದದ್ದು ಬಸಿದು ಹೊಳೆಗೆ ಬರುತ್ತದೆ. ನಿಂತ ನೀರು, ಬಿಸಿಲು, ಗೊಬ್ಬರ ಮೂರೂ ಸೇರಿದಾಗ ಪಾಚಿ ಹುಲುಸಾಗಿ ಬೆಳೆಯುತ್ತದೆ. ಅದರಲ್ಲಿ ನೀಲಿಹಸಿರು ಪಾಚಿ ಎಂದು ನಾವು ಕರೆಯುವ ಸಯನೋಬ್ಯಾಕ್ಟೀರಿಯಾ ಬಹಳ ಹಳೆಯ ಕುಲ. ಭೂಮಿಯ ಗಾಳಿಗೆ ಮೊದಲು ಆಮ್ಲಜನಕ ತುಂಬಿದ್ದೇ ಇವು, ಸುಮಾರು 240 ಕೋಟಿ ವರ್ಷಗಳ ಹಿಂದೆ. ಇವುಗಳ ಪದರ ಪದರವಾದ ಗುರುತು ನಮ್ಮ ಜಿಲ್ಲೆಯಲ್ಲೇ ಇದೆ. ಕಲಾದಗಿ ಎಂದರೆ ನಮಗೆ ದಾಳಿಂಬೆ, ಚಿಕ್ಕು ನೆನಪಾಗುತ್ತವೆ. ಭೂವಿಜ್ಞಾನಿಗಳಿಗೆ ಅದು ಒಂದು ಇಡೀ ಶಿಲಾ ಸಮೂಹದ ಹೆಸರು. ಬಾಗಲಕೋಟೆ ಸುತ್ತಲಿನ ಆ ಸುಣ್ಣದಕಲ್ಲಿನ ಪದರಗಳಲ್ಲಿ ಸ್ಟ್ರೊಮ್ಯಾಟೊಲೈಟ್ ಎಂಬ ಬಳೆಬಳೆಯಾದ ರಚನೆಗಳು ಸಿಗುತ್ತವೆ. ನೂರು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿದ್ದ ಕಡಲಿನ ತಳದಲ್ಲಿ ಇಂಥ ಸೂಕ್ಷ್ಮಜೀವಿಗಳು ಹಾಸಿದ ಹಾಸಿಗೆ ಅದು. ಬಾದಾಮಿಯ ಬಂಡೆಯ ಕೆಂಪಿಗೂ ಕಬ್ಬಿಣದ ಜೊತೆ ಸೇರಿದ ಆಮ್ಲಜನಕವೇ ಕಾರಣ.

ಜಗತ್ತಿಗೆ ಉಸಿರು ಕೊಟ್ಟ ಈ ಕುಲವೇ ಬಾಂದಾರದ ನೀರಿನಲ್ಲಿ ಮೀನಿನ ಉಸಿರು ಕಸಿಯುವುದು ಹೇಗೆ? ಹಗಲಿನಲ್ಲಿ ಪಾಚಿ ಬಿಸಿಲು ಕುಡಿದು ಆಮ್ಲಜನಕ ಬಿಡುತ್ತದೆ. ಹಸಿರು ನೀರಿನಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಅಳತೆ 12 ಮಿಲಿಗ್ರಾಂ ದಾಟಿದರೂ ಆಶ್ಚರ್ಯವಿಲ್ಲ. ಗಾಳಿ ಕೊಡುವುದಕ್ಕಿಂತ ಜಾಸ್ತಿ! ಸೂರ್ಯ ಮುಳುಗಿದ ಮೇಲೆ ಅಂಗಡಿ ಬಂದ್. ಪಾಚಿಯೂ ಉಸಿರಾಡುತ್ತದೆ, ಬ್ಯಾಕ್ಟೀರಿಯಾವೂ, ಮೀನೂ, ತಳದ ಕೆಸರೂ. ಎಲ್ಲರೂ ತೆಗೆಯುವವರೇ, ಕೊಡಲು ನೀರಿನ ಮೇಲ್ಮೈ ಒಂದೇ. ಅಲ್ಲಿ ಅಂತರಗಂಗೆ ಹಬ್ಬಿಕೊಂಡಿದ್ದರೆ ಅದೂ ಇಲ್ಲ. ರಾತ್ರಿಯಿಡೀ ಇಳಿಯುತ್ತಾ ಇಳಿಯುತ್ತಾ ಬೆಳಕು ಹರಿಯುವ ಮುಂಚೆ ಅಳತೆ 2ಕ್ಕೆ, ಇನ್ನೂ ಕೆಳಕ್ಕೆ ಬರಬಹುದು. ಮೀನು ಬದುಕಿ ಬೆಳೆಯಲು ಕನಿಷ್ಠ 4 ಇರಬೇಕು ಎಂಬುದು ಕೇಂದ್ರ ಮಂಡಳಿಯ ಅಳತೆಗೋಲು. ಜನ ಸ್ನಾನ ಮಾಡುವ ನೀರಿಗೆ 5. ಕೂಡಲಸಂಗಮದಲ್ಲಿ ಮಿಂದೇಳುವ ಸಾವಿರಾರು ಭಕ್ತರಿಗೂ ಈ ಸಂಖ್ಯೆ ಸಂಬಂಧಿಸಿದ್ದೇ.

ಇನ್ನು ಮಾಪನಕ್ಕೆ ಬನ್ನಿ. ನದಿ ನೀರಿನ ಮಾದರಿಯನ್ನು ಬಹುತೇಕ ಕಡೆ ತಿಂಗಳಿಗೊಮ್ಮೆ ತೆಗೆಯುತ್ತಾರೆ, ಅದೂ ಕಚೇರಿ ಹೊತ್ತಿನಲ್ಲಿ. ಮೀನು ಸತ್ತಾಗ ಬರುವವರೂ ಬಿಸಿಲೇರಿದ ಮೇಲೆ ಬರುತ್ತಾರೆ. ಅಷ್ಟು ಹೊತ್ತಿಗೆ ಪಾಚಿ ಮತ್ತೆ ಕೆಲಸ ಶುರು ಮಾಡಿರುತ್ತದೆ. ಆಮ್ಲಜನಕ 6 ಇದೆ, 7 ಇದೆ, ನೀರು ಸರಿಯಾಗಿದೆ ಎಂಬ ವರದಿ ಬರುತ್ತದೆ. ವರದಿ ಸುಳ್ಳಲ್ಲ. ಹೊತ್ತು ತಪ್ಪು. ಸತ್ತ ಮೀನು ಕಣ್ಣೆದುರು ಇರುವಾಗ ಇಂಥ ವರದಿ ನೋಡಿದ ಊರವರು ಇಲಾಖೆಯನ್ನು ನಂಬುವುದು ಹೇಗೆ? ಅವರ ಸಿಟ್ಟು ನನಗೆ ಪೂರ್ತಿ ಅರ್ಥವಾಗುತ್ತದೆ.

ಆಮ್ಲಜನಕ ಪೂರ್ತಿ ಮುಗಿದ ಮೇಲೆ ಏನಾಗುತ್ತದೆ ಎಂಬುದು ಇನ್ನೂ ಕೆಟ್ಟ ಭಾಗ. ಬ್ಯಾಕ್ಟೀರಿಯಾ ಅಲ್ಲಿಗೆ ನಿಲ್ಲುವುದಿಲ್ಲ. ಇಲೆಕ್ಟ್ರಾನ್ ಕೊಡಲು ಆಮ್ಲಜನಕ ಸಿಗದಿದ್ದರೆ ನೈಟ್ರೇಟ್‌ಗೆ ಕೊಡುತ್ತವೆ, ಅದೂ ಮುಗಿದರೆ ಸಲ್ಫೇಟ್‌ಗೆ. ಸಲ್ಫೇಟ್‌ನಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಕೆಸರಿನ ಕಬ್ಬಿಣದ ಜೊತೆ ಸೇರಿ ಅದು ತಳವನ್ನು ಕಪ್ಪು ಮಾಡುತ್ತದೆ. ಮೀನಿನ ದೇಹದೊಳಗೆ ಹೋದರೆ ಸೈಟೋಕ್ರೋಮ್ ಆಕ್ಸಿಡೇಸ್ ಕಿಣ್ವವನ್ನೇ ಹಿಡಿದು ನಿಲ್ಲಿಸುತ್ತದೆ. ಆಮ್ಲಜನಕ ಕಡಿಮೆ, ಇದ್ದಷ್ಟನ್ನೂ ಬಳಸುವಂತಿಲ್ಲ. ಹೀಗೆ ಎರಡು ಕಡೆಯಿಂದ ಹೊಡೆತ ಬೀಳುತ್ತದೆ.

ಹರಿವು ಇದ್ದರೆ ಹೊಳೆ ತಾನೇ ಚೇತರಿಸಿಕೊಳ್ಳುತ್ತದೆ. ಕಲ್ಲಿಗೆ ಬಡಿದು, ನೊರೆ ಎದ್ದು, ಗಾಳಿ ಬೆರೆತು ನೀರು ಉಸಿರು ತುಂಬಿಕೊಳ್ಳುತ್ತದೆ. ಗೋಕಾಕದಲ್ಲಿ ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮುಕುವಾಗ ಆಗುವುದು ಇದೇ. ಆದರೆ ಮೀನು ಸಾಯುವ ತಿಂಗಳುಗಳಲ್ಲಿ ಆ ಜಲಪಾತದಲ್ಲಿ ನೀರೇ ಇರುವುದಿಲ್ಲ. ಕೃಷ್ಣೆಯಲ್ಲೂ ಹಾಗೇ. ಬೇಸಿಗೆಯಲ್ಲಿ ಕೊಯ್ನಾದಿಂದ ನೀರು ಬಿಡಿ ಎಂದು ಮಹಾರಾಷ್ಟ್ರವನ್ನು ಕೇಳುವುದು ನಮಗೆ ರೂಢಿಯಾಗಿಬಿಟ್ಟಿದೆ. ಬಾಂದಾರಗಳು ಬೇಡ ಎಂದು ನಾನು ಹೇಳುತ್ತಿಲ್ಲ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಜಮಖಂಡಿ ಭಾಗದ ರೈತರು ಚಿಕ್ಕಪಡಸಲಗಿಯಲ್ಲಿ ತಾವೇ ದುಡಿದು, ಹಣ ಹಾಕಿ ಬ್ಯಾರೇಜ್ ಕಟ್ಟಿಕೊಂಡರು. ಆ ನೀರಿನ ಬೆಲೆ ಅವರಿಗೆ ಗೊತ್ತು. ಆದರೆ ಗೇಟು ಹಾಕಿದ ನೀರು ಹೊಳೆಯಂತೆ ನಡೆದುಕೊಳ್ಳುವುದಿಲ್ಲ, ಕೆರೆಯಂತೆ ನಡೆದುಕೊಳ್ಳುತ್ತದೆ. ಅದಕ್ಕೆ ಕೊಳಚೆ ಸೇರಿಸುವಾಗ ಹರಿಯುವ ಹೊಳೆಯ ಲೆಕ್ಕ ಹಿಡಿಯುವುದು ತಪ್ಪು.

ಮೀನು ಸತ್ತ ರೀತಿಯೇ ಕೆಲವು ಸುಳಿವು ಕೊಡುತ್ತದೆ. ನಸುಕಿನಲ್ಲಿ ಮೀನುಗಳು ನೀರಿನ ಮೇಲೆ ಬಾಯಿ ತೆರೆದು ಗುಟುಕರಿಸುತ್ತಿದ್ದವೇ? ಕಾಟ್ಲಾ, ರೋಹುಗಳಲ್ಲಿ ದೊಡ್ಡವು ಮೊದಲು ಸತ್ತು ಸಣ್ಣವು ಉಳಿದಿವೆಯೇ? ಗಾಳಿಯನ್ನೇ ನುಂಗಿ ಬದುಕಬಲ್ಲ ಮೀಸೆ ಮೀನುಗಳು ಓಡಾಡಿಕೊಂಡಿವೆಯೇ? ಹಾಗಿದ್ದರೆ ಸಾಮಾನ್ಯವಾಗಿ ಆಮ್ಲಜನಕದ ಕೊರತೆ. ಹಗಲು ರಾತ್ರಿ ಎನ್ನದೆ, ಸಣ್ಣದು ದೊಡ್ಡದು ಎನ್ನದೆ ಎಲ್ಲ ಜಾತಿಯೂ ಸತ್ತಿದ್ದರೆ ವಿಷದ ಅನುಮಾನ ಬರಬೇಕು. ಇವನ್ನು ಮೊದಲು ನೋಡುವವರು ದಂಡೆಯ ಮೀನುಗಾರರು. ಅವರ ಮಾತನ್ನು ಹೊತ್ತು, ಜಾಗ ಸಮೇತ ಬರೆದುಕೊಳ್ಳುವ ಪದ್ಧತಿ ತನಿಖೆಯಲ್ಲಿ ಇರಬೇಕು.

ನಸುಕಿನಲ್ಲಿ ಆಮ್ಲಜನಕ ಅಳೆಯುವುದು ದೊಡ್ಡ ವಿಜ್ಞಾನವೇನಲ್ಲ. ಹಂಗೇರಿಯ ಲಾಯೋಷ್ ವಿಂಕ್ಲರ್ 1888ರಲ್ಲಿ ಹೇಳಿಕೊಟ್ಟ ವಿಧಾನ ಇವತ್ತಿಗೂ ನಡೆಯುತ್ತದೆ. ಗಾಜಿನ ಬಿರಡೆ ಇರುವ 300 ಮಿಲಿಲೀಟರ್ ಬಾಟಲಿಯನ್ನು ನೀರಿನೊಳಗೆ ಮುಳುಗಿಸಿ, ಗುಳ್ಳೆ ಉಳಿಯದಂತೆ ತುಂಬಬೇಕು. ಮ್ಯಾಂಗನೀಸ್ ಸಲ್ಫೇಟ್ ಹಾಕಬೇಕು. ಆಮೇಲೆ ಕ್ಷಾರ ಬೆರೆತ ಅಯೋಡೈಡ್ ದ್ರಾವಣ. ಬಿರಡೆ ಮುಚ್ಚಿ ಮೇಲೆ ಕೆಳಗೆ ಮಾಡಿದರೆ ಬಾಟಲಿಯಲ್ಲಿ ಮೋಡದಂತೆ ಗಸಿ ಏಳುತ್ತದೆ. ಅದು ಕಂದು ಬಣ್ಣಕ್ಕೆ ತಿರುಗಿದರೆ ನೀರಿನಲ್ಲಿ ಆಮ್ಲಜನಕ ಇದೆ. ಬೆಳ್ಳಗೇ ಉಳಿದರೆ ಇಲ್ಲ. ನಿಖರ ಸಂಖ್ಯೆ ಬೇಕೆಂದರೆ ಆಮ್ಲ ಹಾಕಿ ಅಯೋಡಿನ್ ಬಿಡಿಸಿ, ಪಿಷ್ಟ ಸೇರಿಸಿ, ನೀಲಿ ಹೋಗುವವರೆಗೆ ಥಯೋಸಲ್ಫೇಟ್ ಬಿಡುತ್ತಾ ಅಳೆಯಬೇಕು. ಗಸಿ ಕಟ್ಟಿದ ಮೇಲೆ ಆಮ್ಲಜನಕ ಅದರಲ್ಲೇ ಸಿಕ್ಕಿಕೊಂಡಿರುತ್ತದೆ. ಹಾಗಾಗಿ ಐದು ಗಂಟೆಗೆ ದಂಡೆಯಲ್ಲಿ ಇಷ್ಟು ಮಾಡಿಟ್ಟರೆ ಉಳಿದದ್ದನ್ನು ಹತ್ತು ಗಂಟೆಗೆ ಕಾಲೇಜಿನ ಲ್ಯಾಬಿನಲ್ಲಿ ಮುಗಿಸಬಹುದು. ಬಿಎಸ್‌ಸಿ ಓದುವ ಮಕ್ಕಳು ಮಾಡುವ ಕೆಲಸ ಇದು. ಜಮಖಂಡಿ, ಮುಧೋಳ, ಗೋಕಾಕ, ಅಥಣಿಯ ಕಾಲೇಜುಗಳಿಗೆ ಮಾರ್ಚ್‌ನಿಂದ ಮೊದಲ ಮಳೆಯವರೆಗೆ ಹತ್ತಿರದ ಒಂದೊಂದು ಬಾಂದಾರ ಒಪ್ಪಿಸಿದರೆ ಎಷ್ಟು ಚೆನ್ನ, ಅಲ್ವಾ?

ಸರ್ಕಾರ ಮಾಡಬೇಕಾದದ್ದು ಬೇರೆ. ಕಾರ್ಖಾನೆಗಳ ಹೊರಬಾಗಿಲಲ್ಲಿ ಆನ್‌ಲೈನ್ ಮಾಪಕ ಇಡಿಸಿದ ಹಾಗೆ ಹೊಳೆಯಲ್ಲೂ ಇಡಬೇಕು. ಹಗಲು ರಾತ್ರಿ ಅಳೆಯುವ ಆಮ್ಲಜನಕ ಮಾಪಕ ಹಿಪ್ಪರಗಿ ಬ್ಯಾರೇಜಿಗೆ ಒಂದು, ಘಟಪ್ರಭೆ ಕೃಷ್ಣೆಯನ್ನು ಸೇರುವ ಚಿಕ್ಕಸಂಗಮದ ಮೇಲುಗಡೆ ಒಂದು, ಕೃಷ್ಣೆ ಗಡಿ ದಾಟಿ ಬರುವ ಜಾಗದಲ್ಲಿ ಒಂದು. ಮೂರಿಂದ ಶುರು ಮಾಡಿದರೂ ಸಾಕು. ಮೇಲಿನ ಮಾಪಕದಲ್ಲಿ ಚೆನ್ನಾಗಿದ್ದ ನೀರು ಕೆಳಗಿನದರಲ್ಲಿ ಕುಸಿದರೆ ಏನಾಯಿತೋ ಅದು ನಡುವೆ ಆಗಿದೆ. ಗಡಿಯಲ್ಲೇ ಕುಸಿದಿದ್ದರೆ ಮಹಾರಾಷ್ಟ್ರದ ಜೊತೆ ಮಾತಾಡಲು ನಮ್ಮ ಕೈಯಲ್ಲಿ ಒಂದು ಸಂಖ್ಯೆ ಇರುತ್ತದೆ. ನಿಯಮ ಪಾಲಿಸುವ ಕಾರ್ಖಾನೆಗೂ ಇದರಿಂದ ರಕ್ಷಣೆ.

ಆ ಸಂಖ್ಯೆ ಕಡತದೊಳಗೆ ಕೂರಬಾರದು. ಆಲಮಟ್ಟಿಗೆ ಇವತ್ತು ಎಷ್ಟು ಕ್ಯೂಸೆಕ್ ಬಂತು, ಎಷ್ಟು ಮೀಟರ್ ತುಂಬಿತು ಎಂಬುದನ್ನು ಮಳೆಗಾಲದಲ್ಲಿ ನಮ್ಮ ಕಡೆ ಶಾಲೆಯ ಮಕ್ಕಳೂ ಹೇಳುತ್ತಾರೆ. ಪತ್ರಿಕೆಯಲ್ಲಿ ದಿನಾ ಬರುತ್ತದೆ, ಅದಕ್ಕೆ. ಅದೇ ಜಾಗದಲ್ಲಿ ಬೇಸಿಗೆಯ ಮೂರು ತಿಂಗಳು ಇನ್ನೊಂದು ಸಾಲು ಬರಲಿ: ಇಂದು ಬೆಳಿಗ್ಗೆ ಐದಕ್ಕೆ ಹಿಪ್ಪರಗಿಯ ನೀರಿನಲ್ಲಿ ಆಮ್ಲಜನಕ ಎಷ್ಟಿತ್ತು ಎಂದು. 4ಕ್ಕಿಂತ ಕೆಳಗೆ ಇಳಿದ ದಿನವೇ ಗೇಟು ಸ್ವಲ್ಪ ಎತ್ತಬೇಕೋ, ಮೇಲಿನಿಂದ ನೀರು ಕೇಳಬೇಕೋ, ಯಾವ ನಾಲಾ ಹುಡುಕಬೇಕೋ ತೀರ್ಮಾನಿಸಲು ಆಗ ಒಂದೆರಡು ದಿನವಾದರೂ ಸಿಗುತ್ತದೆ.